16ನೇ ದಿನದಿಂದ ಜೊತೆಗೆ ನಡೆದವರಿಗೆ

ಹಾರ್ಟ್ ಅಟ್ಯಾಕ್ ಆದವರು ಮನೆಗೆ ಬಂದ ಮೇಲಿನ ಚೇತರಿಕೆಯ ಖರ್ಚನ್ನೂ ಸರ್ಕಾರಿ ಕಾರ್ಡಿನ ಮೇಲೆ ಕೊಡಿ ಅಂತ ನಿನ್ನೆ ಶಿವಮೊಗ್ಗಕ್ಕೆ ಹೋಗಿ ನಮ್ಮ ಮನವಿ ಕೊಟ್ಟು ಬಂದೆವು. ಒಟ್ಟು 11 ಜನ. ಎಲ್ಲರೂ ಹಾರ್ಟ್ ಅಟ್ಯಾಕ್ ಆಗಿ ಉಳಿದವರು, ಇಲ್ಲವೇ ಅವರ ಮನೆಯವರು. ಕಚೇರಿಯ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿದೆ. ಹೋದ ಮಳೆಗಾಲದಲ್ಲಿ ಅಟ್ಯಾಕ್ ಆದ ಮೇಲೆ ನನಗೆ ಜಗಲಿಯಿಂದ ಬಚ್ಚಲಿಗೆ ಹೋಗಲೂ ಹೆದರಿಕೆಯಿತ್ತು. ಅದು ನೆನಪಾಗಿ ಇವತ್ತು ಬರೆಯಲು ಕೂತಿದ್ದೇನೆ.

ಆಸ್ಪತ್ರೆಯ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬೇಡ. 108ರ ಹುಡುಗರಿಗೆ, ಡಾಕ್ಟರಿಗೆ, ನರ್ಸ್‌ಗಳಿಗೆ, ತೋಟಕ್ಕೆ ಕೊಳೆ ಔಷಧಿ ಹೊಡೆಸಿಕೊಟ್ಟ ಮೈದುನನಿಗೆ, ದಿನಾ ಹಾಲು ತಂದಿಟ್ಟು ಹೋದ ಶಾಲೆ ಮಕ್ಕಳಿಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ.

ಕೆಳಮನೆ ಅತ್ತಿಗೆಯ ಬಗ್ಗೆ ಮಾತ್ರ ಒಂದು ಸಾಲಲ್ಲಿ ಮುಗಿಸಲು ನನ್ನಿಂದ ಆಗುವುದಿಲ್ಲ.

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದು ಮೂರು ವಾರ ಆಗಿತ್ತು. ಆಶ್ಲೇಷ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಇವರು ಮಗಳನ್ನು ಹಾಸ್ಟೆಲ್‌ಗೆ ಬಿಡಲು ಹೋಗಿದ್ದರು. ಕರೆಂಟ್ ಇಲ್ಲ. ರಾತ್ರಿ 11ರ ಹೊತ್ತಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈಕಾಲು ತಣ್ಣಗಾದವು. ಮತ್ತೆ ಬಂತು ಅಂದುಕೊಂಡೆ. ಅತ್ತಿಗೆಗೆ ಫೋನ್ ಸಿಕ್ಕಿತು, ಅದೇ ಪುಣ್ಯ. ಕಂಬಳಿ ಹೊದ್ದು, ಟಾರ್ಚ್ ಹಿಡಿದು, ತೋಟದ ಸಂಕ ದಾಟಿ ಬಂದರು. ಬರುವ ದಾರಿಯಲ್ಲೇ 108ಕ್ಕೆ ಹೇಳಿದ್ದರು. ಗಾಡಿ ಹೊರಟಿತ್ತು, ಆದರೆ ದಾರಿಗೆ ಮರ ಬಿದ್ದು ಆಚೆಯೇ ನಿಂತಿತು. ಮರ ಕಡಿದು ಅದು ನಮ್ಮ ದಣಪೆಗೆ ಬಂದಾಗ ಬೆಳಗಿನ ಜಾವ 4 ಗಂಟೆ.

ಅಷ್ಟು ಹೊತ್ತೂ ಅತ್ತಿಗೆ ನನಗೆ ಬೆನ್ನು ಕೊಟ್ಟು ಕೂತಿದ್ದರು. ಮಲಗಿದರೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು, ನಾನು ಅವರಿಗೇ ಒರಗಿದ್ದೆ. ಏನೂ ಆಗಲ್ಲ ಅಂತ ಅವರು ಒಂದು ಸಲವೂ ಹೇಳಲಿಲ್ಲ. ಅವರ ಯಜಮಾನರು ಹೋಗಿದ್ದು ಎರಡನೇ ಅಟ್ಯಾಕ್‌ನಲ್ಲಿ. ಆ ಮಾತು ಅವರ ಬಾಯಲ್ಲಿ ಹೇಗೆ ಬಂದೀತು? "ನಾ ಇಲ್ಲೇ ಇದೀನಿ ಮಾರಾಯ್ತಿ, ಉಸಿರು ಬಿಡು" ಅಂದರು, ಅಷ್ಟೇ. ಮಗಳ ಒಡವೆ ಎಲ್ಲಿಟ್ಟಿದ್ದೇನೆ ಅಂತ ಆ ರಾತ್ರಿ ಅವರಿಗೆ ಹೇಳಿಬಿಟ್ಟೆ. ಅವರು ಸುಮ್ನೆ ಕೇಳಿಸಿಕೊಂಡರು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಆಸ್ಪತ್ರೆಯಲ್ಲಿ ನೋಡಿದರೆ ಇಸಿಜಿ ಸರಿಯಿತ್ತು. ಹೆದರಿಕೆಯಿಂದ ಹಾಗಾಗಿದೆ ಅಂತ ಡಾಕ್ಟರ್ ಅಂದರು. ಸರಿ ಅಂತ ಎದ್ದು ಬರಲು ಅತ್ತಿಗೆ ಬಿಡಲಿಲ್ಲ. "ಇವಳು ಎಷ್ಟು ನಡೀಬಹುದು? ಕೊಡಪಾನ ಎತ್ತಬಹುದಾ? ಅದನ್ನ ಯಾರು ಹೇಳಿಕೊಡ್ತಾರೆ?" ಅಂತ ಅಲ್ಲೇ ಕೇಳಿದರು. ಮೂರು ವಾರದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕಾರ್ಡಿಯಾಕ್ ರಿಹ್ಯಾಬ್, ಅಂದರೆ ಹಾರ್ಟ್ ಅಟ್ಯಾಕ್ ಆದವರಿಗೆ ಎಷ್ಟು ನಡೆಯಬೇಕು, ಹೇಗೆ ಚೇತರಿಸಿಕೊಳ್ಳಬೇಕು ಅಂತ ಹೇಳಿಕೊಟ್ಟು ಮಾಡಿಸುವ ಕ್ರಮ, ಅನ್ನುವ ಹೆಸರು ನನ್ನ ಕಿವಿಗೆ ಬಿದ್ದಿದ್ದು ಅವತ್ತೇ. ಆದರೆ ಅದಕ್ಕೆ ಆಗುಂಬೆ ಘಾಟಿಯ 14 ತಿರುವು ಇಳಿದು ಹೋಗಬೇಕು, ಖರ್ಚೂ ನಮ್ಮದೇ.

ಕೆಲವು ಸಲ ಹೋದೆ. ಆಮೇಲೆ ಅಲ್ಲಿನ ಫಿಸಿಯೋಥೆರಪಿಸ್ಟ್ ಹುಡುಗಿ ಫೋನಿನಲ್ಲೇ ನಡೆಸಿದಳು. ಅವಳ ಋಣ ದೊಡ್ಡದು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಜೋರಿರಲಿ ಅಂತ ಹೇಳಿಕೊಟ್ಟಳು. ದಿನಾ ಬೆಳಿಗ್ಗೆ ಅತ್ತಿಗೆ ನನ್ನ ಜೊತೆ ನಡೆದರು. ನಡುನಡುವೆ "ಎಲ್ಲಿ, ಒಂದು ಹಾಡು ಹೇಳು" ಅನ್ನುತ್ತಿದ್ದರು. ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಮೊದಲು 240 ಮೀಟರ್ ನಡೆದಿದ್ದೆ. 12 ವಾರ ಕಳೆದ ಮೇಲೆ 430.

ಮನವಿಯ ಯೋಚನೆ ಹುಟ್ಟಿದ್ದು ಆ ನಡಿಗೆಯಲ್ಲೇ. ನನಗೆ ಸ್ಟೆಂಟ್ ಹಾಕಿದ್ದು ಆಯುಷ್ಮಾನ್ ಕಾರ್ಡಿನ ಮೇಲೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುವ ಯೋಜನೆಗೆ ನನ್ನ ಜೀವ ಋಣಿ, ಅದನ್ನು ಮೊದಲು ಹೇಳಬೇಕು. ಆದರೆ ಆಯುಷ್ಮಾನ್ ಭಾರತ್ ಪ್ಯಾಕೇಜ್ ಮನೆಗೆ ಬಂದ ಮೇಲೆ 15 ದಿನದವರೆಗಿನ ಖರ್ಚು ಮಾತ್ರ ನೋಡಿಕೊಳ್ಳುತ್ತದೆ. ನಮ್ಮ ನಡಿಗೆ ಶುರುವಾಗುವುದೇ ಆಮೇಲೆ, 16ನೇ ದಿನದಿಂದ. ರಿಹ್ಯಾಬ್ ಮಾಡಿದವರು ಮತ್ತೆ ಆಸ್ಪತ್ರೆ ಸೇರುವುದು ಕಡಿಮೆ ಅಂತ ಅಧ್ಯಯನಗಳು ಹೇಳುತ್ತವೆ. ಮನೆಯಲ್ಲೇ ಸರಿಯಾದ ಮಾರ್ಗದರ್ಶನದಲ್ಲಿ ಮಾಡಿದರೂ ಕೇಂದ್ರಕ್ಕೆ ಹೋಗಿ ಮಾಡಿದಷ್ಟೇ ಪ್ರಯೋಜನ ಇದೆಯಂತೆ. ಮಲೆನಾಡಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ? ಒಂದೊಂದು ಮನೆಯೂ ಒಂದೊಂದು ಗುಡ್ಡದ ಬುಡದಲ್ಲಿದೆ, ಮಳೆಗಾಲದಲ್ಲಿ ಬಸ್ಸೇ ಬರುವುದಿಲ್ಲ. ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, ರಿಹ್ಯಾಬ್‌ನ 36 ಸೆಷನ್‌ಗಳವರೆಗೆ ಖರ್ಚು ಕೊಡುತ್ತದೆ. ನಾವು ಕೇಳಿದ್ದು ಅಷ್ಟೂ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಉಳಿದದ್ದು ಮನೆಯಲ್ಲಿ, ಖರ್ಚು ಕಾರ್ಡಿನ ಮೇಲೆ.

ಮನವಿ ಬರೆದುಕೊಟ್ಟ ನಿವೃತ್ತ ಮೇಷ್ಟರಿಗೆ, ಸಂಘದ ಜಗಲಿಯಲ್ಲಿ ಜಾಗ ಕೊಟ್ಟವರಿಗೆ, ಸಹಿ ಹಾಕಿದ, ಹೆಬ್ಬೆಟ್ಟು ಒತ್ತಿದ ಎಲ್ಲರಿಗೂ ಧನ್ಯವಾದ. ಎರಡು ನೋಟ್‌ಬುಕ್ ತುಂಬಿತು. ಅದರಲ್ಲಿ ಮುಕ್ಕಾಲು ಪಾಲು ಅತ್ತಿಗೆ ಮನೆಮನೆಗೆ ನಡೆದು ತಂದಿದ್ದು. ಯಜಮಾನರ ವಿಷಯವನ್ನು ಅವರು ಯಾರ ಮುಂದೆಯೂ ಆಡುವವರಲ್ಲ. ಈ ಸಹಿಗಾಗಿ ಪ್ರತಿ ಜಗಲಿಯಲ್ಲೂ ಕೂತು ಹೇಳಿದರು. ಅದು ಅವರಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅತ್ತಿಗೆ, ಎದುರಿಗೆ ಹೇಳಿದರೆ ನೀವು ಬೈತೀರಿ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಮನವಿ ತೆಗೆದುಕೊಂಡಿದ್ದಾರೆ, ಉತ್ತರ ಇನ್ನೂ ಬರಬೇಕು. ನಿನ್ನೆ ವಾಪಸ್ ಬರುವಾಗ ಬಸ್ ಸ್ಟ್ಯಾಂಡ್ ಹತ್ತಿರ ಅತ್ತಿಗೆ ಇನ್ನೊಂದು ನೋಟ್‌ಬುಕ್ ಕೊಂಡರು. ಹೊಸನಗರದ ಕಡೆಯವರದ್ದು ಬಾಕಿ ಇದೆಯಲ್ಲ ಅಂದರು.