ಆಯಿಯ ಅಣ್ಣನ ಹೆಸರು ಸಿಕ್ಕಿತು: ಜೊತೆಗಿದ್ದ ಎಲ್ಲರಿಗೂ

ಇಷ್ಟು ದಿನ ಫೋನ್ ಮಾಡಿ ವಿಚಾರಿಸಿದವರಿಗೆ, ಬೆಳಗಾವಿಯ ಮನೆವರೆಗೂ ಬಂದವರಿಗೆ ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ. ಆಯಿ, ಅಂದರೆ ನಮ್ಮಜ್ಜಿ, ಈಗ ಹುಷಾರಾಗಿದ್ದಾಳೆ. ರೊಟ್ಟಿ ತಿನ್ನುತ್ತಾಳೆ, ನಮ್ಮನ್ನು ಬೈಯುತ್ತಾಳೆ. ಆಸ್ಪತ್ರೆಯ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬೇಡ.

ಆಯಿಯ ಅಣ್ಣ 1944ರ ಬೇಸಿಗೆಯಲ್ಲಿ ಬರ್ಮಾ ಗಡಿಯ ಯುದ್ಧದಲ್ಲಿ ಕಾಣೆಯಾದ. ವಾಯುಪಡೆಯಲ್ಲಿ ಗನ್ನರ್ ಆಗಿದ್ದ. ಇಪ್ಪತ್ತೊಂದು ವಯಸ್ಸು. ಬೈಲಹೊಂಗಲ ಕಡೆಯ ನಮ್ಮ ಹಳ್ಳಿಗೆ ತಂತಿ ಬಂದಾಗ ಓದಿ ಹೇಳಲು ಶಾಲೆಯ ಮಾಸ್ತರರನ್ನು ಕರೆಸಿದ್ದರಂತೆ. ಸತ್ತ ಅಂತ ಅದರಲ್ಲಿ ಇರಲಿಲ್ಲ. ಮರು ವರ್ಷ ಜಪಾನ್ ಶರಣಾಯಿತು, ಕೈದಿಗಳು ಊರಿಗೆ ವಾಪಸ್ ಬಂದರು. ಇವನು ಬರಲಿಲ್ಲ. ಆದರೂ ಮುತ್ತಜ್ಜಿ ತಾನು ಇರುವವರೆಗೂ ಮಗನ ಹೆಸರಲ್ಲಿ ಎಡೆ ಇಡಲು ಬಿಡಲಿಲ್ಲ. ಆಯಿಯೂ ಅದನ್ನೇ ನಡೆಸಿಕೊಂಡು ಬಂದಳು.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಅವನ ಹೆಸರು ಹುಡುಕಿ ತೆಗೆದ ತಂಗಿಗೆ, ಎಲ್ಲಿ ಹುಡುಕಬೇಕು ಅಂತ ದಾರಿ ತೋರಿಸಿದ ಮರಾಠಾ ರೆಜಿಮೆಂಟಿನ ನಿವೃತ್ತ ಹಿರಿಯರಿಗೆ, ರಜೆ ಹಾಕಿ ಅಲ್ಲಿನ ಕ್ರಾಂಜಿ ಯುದ್ಧ ಸ್ಮಾರಕಕ್ಕೆ ಹೋದ ಸಿಂಗಾಪುರದ ಅತ್ತೆ ಮಗನಿಗೆ ತುಂಬಾ ಥ್ಯಾಂಕ್ಸ್. ಸಮಾಧಿಯೇ ಸಿಗದ 24,000ಕ್ಕೂ ಹೆಚ್ಚು ಜನರ ಹೆಸರು ಅಲ್ಲಿನ ಸ್ಮಾರಕದಲ್ಲಿದೆ. ಅದರಲ್ಲಿ ನಮ್ಮವನದೂ ಒಂದು. ಪಕ್ಕದಲ್ಲಿ ಯಾರ್ಯಾರದೋ ಹೆಸರು, ಯಾವ್ಯಾವುದೋ ಊರಿನವರು. ಅತ್ತೆ ಮಗ ವಿಡಿಯೋ ಕಾಲ್ ಮಾಡಿ ತೋರಿಸಿದಾಗ ಆಯಿ ಕೇಳಿದ್ದು ಒಂದೇ ಮಾತು: 'ನೆರಳೈತೇನ ಅಲ್ಲಿ?' ಇದೆ. ಹೆಸರು ಕೆತ್ತಿದ ಕಂಬಗಳ ಮೇಲಿನ ಛಾವಣಿಯನ್ನು ವಿಮಾನದ ರೆಕ್ಕೆಯ ಆಕಾರದಲ್ಲೇ ಕಟ್ಟಿದ್ದಾರೆ.

ಅವತ್ತೇ ರಾತ್ರಿ ಆಯಿಗೆ ತಡೆಯಲಾಗಲಿಲ್ಲ. ನನಗೂ.

ಸಾಂಬ್ರಾದ ಕಾಕಾನ ಬಗ್ಗೆ ಹೇಳಲೇಬೇಕು. ಅವರು ನಮಗೆ ಸಂಬಂಧಿಕರಲ್ಲ. ಅಲ್ಲಿನ ವಾಯುಪಡೆಯ ಏರ್‌ಮನ್ ಟ್ರೇನಿಂಗ್ ಸ್ಕೂಲಿನಲ್ಲಿ ಹುಡುಗರಿಗೆ ಪಾಠ ಹೇಳಿ ನಿವೃತ್ತರಾದವರು. ಆಯಿಯ ಅಣ್ಣನ ಹಳೆಯ ಪತ್ರದಲ್ಲಿ 8ನೇ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ) ಅಂತ ಇದ್ದದ್ದನ್ನು ಓದಿದವರೂ ಅವರೇ. ಫೋನ್ ಮಾಡಿದ ಕೂಡಲೇ ಮಳೆಯಲ್ಲೇ ಬಂದರು. ಆಯಿಯ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತವರು ಬೆಳಗಿನವರೆಗೂ ಏಳಲಿಲ್ಲ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಆಯಿ ಅತ್ತಳು, ಹೇಳದೆ ಹೋದ ಅಂತ ಅಣ್ಣನನ್ನು ಬೈದಳು. ಇಷ್ಟು ವರ್ಷ ಅವಳ ಬಾಯಿಂದ ಆ ಮಾತು ನಾವ್ಯಾರೂ ಕೇಳಿರಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಯಾವಾಗಲೋ ಆಯಿ ಕೇಳಿದಳು: 'ಅಂವಾ ಒಬ್ಬನ ಇದ್ದನೇನು?'

ಕಾಕಾ ನಿಧಾನಕ್ಕೆ ಹೇಳಿದರು. 'ಇಲ್ರೀ ಆಯಿ. ಅದು ವೆಂಜನ್ಸ್ ವಿಮಾನ, ಇಬ್ಬರು ಕೂಡೋದು. ಮುಂದ ಪೈಲಟ್, ಹಿಂದ ನಿಮ್ಮಣ್ಣ. ಬೆನ್ನಿಗೆ ಬೆನ್ನು ಕೊಟ್ಟು ಕೂತಿರ್ತಾರ.' ಎರಡು ಕೈ ಬೆನ್ನಿಗೆ ಬೆನ್ನು ಹಚ್ಚಿ ತೋರಿಸಿದರು. ಆಯಿ ಆ ಕೈಗಳನ್ನೇ ನೋಡುತ್ತಾ ಇದ್ದಳು. ಆಮೇಲೆ ನೀರು ಕೇಳಿದಳು. ನಸುಕಿನಲ್ಲಿ ನಿದ್ದೆ ಹೋದಳು.

ಎಂಬತ್ತು ವರ್ಷ ಆ ಪ್ರಶ್ನೆ ಅವಳ ಹೊಟ್ಟೆಯಲ್ಲೇ ಇತ್ತು. ಮನೆಯವರು ನಾವು ಒಬ್ಬರೂ ಕೇಳಿಸಿಕೊಂಡಿರಲಿಲ್ಲ. ಕಾಕಾ, ನಿಮ್ಮ ಋಣ ಹೇಗೆ ತೀರಿಸೋದು ಅಂತ ನನಗೆ ಗೊತ್ತಿಲ್ಲ.

ನಮ್ಮ ಭಾಗದಲ್ಲಿ ಇಂಥ ಮನೆಗಳು ಇನ್ನೂ ಇರಬಹುದು, ಅಲ್ವಾ? ಆ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹೆಸರು ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಊರಿನ ಹೆಸರು ಬ್ರಿಟಿಷರ ಕಾಲದ ಸ್ಪೆಲಿಂಗಿನಲ್ಲಿರುತ್ತದೆ, ಬೆಳಗಾವಿ ಅಂದರೆ ಬೆಲ್‌ಗಾಮ್. ತಂದೆಯ ಹೆಸರನ್ನೂ ಕೆಲವು ಸಲ ಬರೆದಿರುತ್ತಾರೆ. ಗೊತ್ತಾಗದಿದ್ದರೆ ನನಗೆ ಹೇಳಿ, ಕೂತು ಹುಡುಕೋಣ.

ಈ ಸಲ ಮಹಾಲಯ ಅಮಾವಾಸ್ಯೆಗೆ ಅವನ ಹೆಸರಲ್ಲಿ ಎಡೆ ಇಡೋಣ ಅಂತ ಆಯಿಯೇ ಹೇಳಿದ್ದಾಳೆ. ಅವನಿಗೆ ಹೋಳಿಗೆ ಇಷ್ಟ ಇತ್ತಂತೆ, ಅದನ್ನೇ ಮಾಡಿಸುತ್ತಿದ್ದಾಳೆ. ಆ ಪೈಲಟ್ ಹುಡುಗನಿಗೂ ಒಂದು ಎಲೆ ಹಾಕಬೇಕಂತೆ. ಎಲ್ಲರೂ ಮಧ್ಯಾಹ್ನ ಊಟಕ್ಕೆ ಬನ್ನಿ. ಕಾಕಾ, ನೀವು ಬಂದ ಮೇಲೇ ಬಡಿಸೋದಂತೆ, ಆಯಿ ಹೇಳಿ ಕಳಿಸಿದ್ದಾಳೆ.