ಪುಟ್ಟಿಯ ಪಫರ್ ಬಗ್ಗೆ ಅಮ್ಮನಿಗೆ

ಮೆಲ್ಬರ್ನ್, ನವೆಂಬರ್

ಪ್ರೀತಿಯ ಅಮ್ಮನಿಗೆ ನಮಸ್ಕಾರ,

ಪುಟ್ಟಿಯ ಅಸ್ತಮಾಕ್ಕೆ ಕೊಡುವ ಪಫರ್, ಅಂದರೆ ಬಾಯಿಂದ ಎಳೆದುಕೊಳ್ಳುವ ಇನ್‌ಹೇಲರ್ ಬಗ್ಗೆ ಮೊನ್ನೆ ಫೋನಿನಲ್ಲಿ "ಅದನ್ನ ದಿನಾ ಎಳೆಸಿದ್ರೆ ಮಗೂಗೆ ಚಟ ಹತ್ತಲ್ವೇನೆ?" ಅಂತ ಕೇಳಿದೆಯಲ್ಲ, ಲೈನ್ ಸರಿಯಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅವಳ ಅಸ್ತಮಾ ಕೆರಳಿಸುವ ಹುಲ್ಲಿನ ಕಥೆ ಕೇಳು. ಇಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಲ್ಲು ಹೂಬಿಡುವ ಕಾಲ. ಊರಿನ ಉತ್ತರಕ್ಕೂ ಪಶ್ಚಿಮಕ್ಕೂ ಬರೀ ಬಯಲು, ತುಂಬಾ ರೈ ಹುಲ್ಲು. ಉತ್ತರದ ಬಿಸಿಗಾಳಿ ಎದ್ದರೆ ಅದರ ಪರಾಗವೆಲ್ಲ ನಮ್ಮ ಕಡೆಗೇ. ಒಂದು ಘನ ಮೀಟರ್ ಗಾಳಿಯಲ್ಲಿ 50 ಕಣ ದಾಟಿದರೆ ಜಾಸ್ತಿ, 100 ದಾಟಿದರೆ ವಿಪರೀತ ಅಂತ ಲೆಕ್ಕ. ಬೆಳಿಗ್ಗೆ ಅದನ್ನು ನೋಡಿಕೊಂಡೇ ಪುಟ್ಟಿಯನ್ನು ಸ್ಕೂಲಿಗೆ ಕಳಿಸುವುದು.

ಇಡೀ ಕಣವಾದರೆ ಹೆಚ್ಚಾಗಿ ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ. ಸೀನು, ಕಣ್ಣು ತುರಿಕೆ. ಗುಡುಗು ಮಳೆ ಬಂತೋ, ಕಥೆ ಬೇರೆ. ನೆನೆಹಾಕಿದ ಕಡಲೆ ಉಬ್ಬಿ ಸಿಪ್ಪೆ ಬಿರಿಯುವ ಹಾಗೆ ತೇವ ಹೀರಿದ ಪರಾಗ ಒಡೆಯುತ್ತದೆ. ಒಳಗಿನ ಸಣ್ಣ ಪುಡಿ ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. 2016ರ ನವೆಂಬರ್ 21ರ ಸಂಜೆ ಹೀಗೇ ಆಯಿತು. ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದರು, 10 ಜನ ತೀರಿಕೊಂಡರು. ಆಸ್ಪತ್ರೆಗೆ ಬಂದ ಎಷ್ಟೋ ಜನಕ್ಕೆ ಮೊದಲು ಅಸ್ತಮಾನೇ ಇರಲಿಲ್ಲ, ಬರೀ ಸೀನು ಇತ್ತು. ಭಾರತದ ಕಡೆಯಿಂದ ಬಂದವರಂತೂ ಅದರಲ್ಲಿ ಬಹಳ ಜನ. ಈಗ ಅಂಥ ದಿನಗಳಿಗೆ ಸರ್ಕಾರವೇ ಮುಂಚೆ ಎಚ್ಚರಿಕೆ ಕೊಡುತ್ತದೆ.

ಇನ್ನು ಪಫರ್. ಎರಡು ಇವೆ ಅಮ್ಮ. ನೀಲಿಯದು ಬಿಗಿದ ಉಸಿರ್ನಾಳವನ್ನು ತಕ್ಷಣ ಸಡಿಲ ಮಾಡುತ್ತದೆ. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಅಸ್ತಾಲಿನ್ ಅಂತ ಸಿಗೋದೂ ಅದೇ ಔಷಧಿ. ಇನ್ನೊಂದು ಒಳಗಿನ ಊತ ಇಳಿಸುವಂಥದ್ದು, ಚೆನ್ನಾಗಿದ್ದಾಗಲೂ ದಿನಾ ಬೇಕು. ಅದನ್ನೇ ನೀನು ಚಟ ಅಂದಿದ್ದು! ಚಟವೂ ಇಲ್ಲ, ಗಿಟವೂ ಇಲ್ಲ. ಸುಮ್ನೆ ನಿಲ್ಲಿಸಿದರೆ ಊತ ಮತ್ತೆ ಬರುತ್ತದೆ, ಅಷ್ಟೇ. ಪುಟ್ಟಿ ಪಫರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಸ್ಪೇಸರ್ ಅಂತಾರೆ, ಅದನ್ನು ಬಾಯಿಗೆ ಇಟ್ಟುಕೊಂಡು, ಬೆರಳು ಮಡಚಿ ಉಸಿರು ಎಣಿಸುತ್ತಾಳೆ. ಆಮೇಲೆ ಬಾಯಿ ಮುಕ್ಕಳಿಸಿ ಕನ್ನಡಿ ತುಂಬಾ ನೀರು ಹಾರಿಸುತ್ತಾಳೆ, ಅದಕ್ಕೆ ಬೈಗುಳ ಬೇರೆ.

ಕ್ರಿಸ್ಮಸ್ ರಜೆಗೆ ಬಂದಾಗ ಈ ಹುಲ್ಲಿನ ಕಾಟ ತಪ್ಪುತ್ತದೆ. ಆದರೆ ನಮ್ಮನೆ ಬೂಷ್ಟು ಇದೆಯಲ್ಲ! ಅದರ ಕಣವೂ ಗಾಳಿಯಲ್ಲೇ ಹಾರುತ್ತದೆ, ಅಸ್ತಮಾ ಇರುವ ಮಗುವಿಗೆ ಅದೂ ಆಗುವುದಿಲ್ಲ. ಮಳೆಗಾಲ ಪೂರ್ತಿ ಅಟ್ಟದಲ್ಲಿದ್ದ ಹಾಸಿಗೆ, ಕಂಬಳಿ ಅವಳಿಗೆ ಹಾಸಬೇಡ. ವಾಸನೆ ಹಿಡಿದ ಹಾಸಿಗೆಯನ್ನು ಬಿಸಿಲಿಗೆ ಹಾಕಿದರೂ ಸಾಲದು, ಹೊಸದೊಂದು ತರಿಸಿಬಿಡು, ದುಡ್ಡು ನಾನು ಕಳಿಸುತ್ತೇನೆ. ಮೂಲೆ ಕೋಣೆಯ ಗೋಡೆಯ ಕರಿ ಕಲೆಯನ್ನು ಒಣಗಿದ್ದಾಗ ಕೆರೆಸಬೇಡ, ಪುಡಿ ಮನೆಯೆಲ್ಲ ಹರಡುತ್ತದೆ. ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಆರಿದ ಮೇಲೆ ಸುಣ್ಣ ಹೊಡೆಸು. ಹೆಂಚಿನ ಸೋರಿಕೆ ಮೊದಲು ಸರಿಯಾಗಲಿ, ಇಲ್ಲದಿದ್ದರೆ ಮುಂದಿನ ವರ್ಷವೂ ಅದೇ ಗೋಳು.

ಅಡಿಕೆ ಸುಲಿತದ ಹೊತ್ತಿಗೇ ಬರುತ್ತಿದ್ದೇವೆ. ಕೊಳೆಯುವ ಸಿಪ್ಪೆ ರಾಶಿಯನ್ನು ಈ ಸಲ ತೋಟದ ಆಚೆ ಹಾಕಿಸಲು ಅಪ್ಪನಿಗೆ ಹೇಳು. ಗೊಣಗುತ್ತಾರೆ, ಗೊತ್ತು. ಮೊಮ್ಮಗಳ ಹೆಸರು ಹೇಳಿದರೆ ಒಪ್ಪುತ್ತಾರೆ.

ಇಂತಿ,
ನಿನ್ನ ಮಗಳು