ಖಿನ್ನತೆಗೂ ಅಂಗವೈಕಲ್ಯ ಪ್ರಮಾಣಪತ್ರ ಉಂಟು

ಪುಣೆಯ ಬಳಗದವರಿಗೆ ನಮಸ್ಕಾರ. ಖಿನ್ನತೆಯಿಂದ ಕೆಲಸ ಬಿಟ್ಟು ವರ್ಷಗಟ್ಟಲೆ ಮನೆಯಲ್ಲಿರುವ ತಮ್ಮನಿಗೆ ಸರಕಾರದ ಸವಲತ್ತು ಇದೆಯೇ ಎಂದು ನಮ್ಮಲ್ಲೊಬ್ಬರು ಕೇಳಿದರು. ಅರ್ಜಿ ಹಾಕಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ.

ಕೇಂದ್ರ ಸರಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಪ್ರಮಾಣಪತ್ರಕ್ಕೂ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೂ ಅರ್ಜಿ ಹಾಕಿ, ಸರಕಾರಿ ಆಸ್ಪತ್ರೆಯ ತಪಾಸಣೆಗೆ ಹೋಗಬೇಕು. ಹೆಚ್ಚಿನ ಸವಲತ್ತುಗಳಿಗೆ ವೈಕಲ್ಯ ಕನಿಷ್ಠ ಶೇ. 40 ಇರಬೇಕು. ತಪಾಸಣೆಯಲ್ಲಿ ನೋಡುವುದು ಸ್ನಾನ-ಊಟದ ಕಾಳಜಿ, ಜನರೊಡನೆ ಒಡನಾಟ, ಮಾತುಕತೆ, ಕೆಲಸ, ಕಾಯಿಲೆ ಎಷ್ಟು ವರ್ಷದ್ದು ಎಂಬುದನ್ನು. ನಮ್ಮವರು ಸಂಕೋಚಕ್ಕೆ ‘ಎಲ್ಲಾ ಆರಾಮ’ ಅಂದುಬಿಡುತ್ತಾರೆ. ದಯವಿಟ್ಟು ಹಾಗನ್ನಬೇಡಿ, ಹಾಸಿಗೆಯಿಂದ ಏಳಲಾಗದ ದಿನಗಳನ್ನೂ ಹೇಳಿ. ಡಾಕ್ಟರರ ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ.

ಮರಾಠಿ ತೊಡಕಾದರೆ ನಾನೇ ಜೊತೆಗೆ ಬರುತ್ತೇನೆ. ರಾತ್ರಿ ಸಂಕಟವಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.